ಮ್ಯಾನೇಜರ್ ಬಿಲ್ಲೆ ಮತ್ತು ಓಕ್ ಮರ

ಲೋರ್ನಾ ಕುಬಿಯಾಕ್‌ಳನ್ನು ವ್ಯಾಪಾರಿಯೊಬ್ಬ ನಿಂತ ನಿಲುವಿನಲ್ಲೇ ಅಳೆದರೆ ಹೀಗೆ ಬರೆದುಕೊಳ್ಳುತ್ತಾನೆ: ವಯಸ್ಸು ಐವತ್ತೊಂದು. ಗಿಡ್ಡ ಆಳು, ಗಟ್ಟಿ ಕಟ್ಟು. ಐವತ್ತು ಪೌಂಡಿನ ಉಪ್ಪಿನ ಮೂಟೆಯನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು ಗಿರಾಕಿಯ ಲಾರಿಯ ತನಕ ನಡೆಯುತ್ತಾಳೆ, ದಾರಿಯಲ್ಲಿ ಅವನ ಹೆಂಡತಿಯ ಮಂಡಿನೋವನ್ನೂ ವಿಚಾರಿಸುತ್ತಾಳೆ. ಮಾತು ಕಡಿಮೆ, ಆಡಿದ್ದಕ್ಕೆ ಬಾಳಿಕೆ ಜಾಸ್ತಿ. ಮಾಲು ಮೊದಲ ದರ್ಜೆಯದು. ದೋಷ ಒಂದೇ. ಬೆಲೆಚೀಟಿ ಅಂಟಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾಳೆ.

ಅಂಟಿಸಿದವನು ಆರ್ಲಿನ್ ಬ್ರೂಡರ್. ವಿಸ್ಕಾನ್ಸಿನ್‌ನ ಉತ್ತರದ ಮೂಲೆಯ ನಮ್ಮ ಊರಿನಲ್ಲಿ ಬಂದೂಕು, ಗಾಳ, ಬೆಚ್ಚನೆಯ ಕಾಲುಚೀಲ, ಉಪ್ಪು, ಹಕ್ಕಿಕಾಳು ಎಲ್ಲ ಒಂದೇ ಸೂರಿನಡಿ ಮಾರುವ ಅಂಗಡಿ ಅವನದು. ಲೋರ್ನಾಗಿಂತ ಶಾಲೆಯಲ್ಲಿ ಎರಡು ತರಗತಿ ಮುಂದಿದ್ದ, ಆಮೇಲೆ ಮುಂದೆಯೇ ಉಳಿದ. ಹತ್ತು ವರ್ಷದ ಹಿಂದೆ ಒಂದು ವಸಂತದಲ್ಲಿ ಲೋರ್ನಾ ಸಂಬಳ ಹೆಚ್ಚಿಸು ಎಂದು ಕೇಳಿದಳು. ಆರ್ಲಿನ್ ಎರಡು ದಿನ ಯೋಚಿಸಿ ಅದಕ್ಕಿಂತ ಅಗ್ಗದ ವಸ್ತುವೊಂದನ್ನು ಕೊಟ್ಟ. ಹಿತ್ತಾಳೆಯ ಒಂದು ಬಿಲ್ಲೆ, ಮೇಲೆ 'ಅಸಿಸ್ಟೆಂಟ್ ಮ್ಯಾನೇಜರ್' ಎಂಬ ಕೆತ್ತನೆ. ಕೆತ್ತಿ ಕೊಟ್ಟವನು ನಾನು. ರಬ್ಬರ್ ಮುದ್ರೆ, ಬೌಲಿಂಗ್ ಪಂದ್ಯದ ಬಹುಮಾನದ ಕಪ್, ಹೆಸರುಫಲಕ, ಆಳುಗಳು ಬಂದು ಹೋದ ಹೊತ್ತನ್ನು ಕಾರ್ಡಿನ ಮೇಲೆ ಒತ್ತುವ ಪಂಚಿಂಗ್ ಗಡಿಯಾರ ಇವೇ ನನ್ನ ವ್ಯಾಪಾರ. ಬಿಲ್ಲೆಗೆ ಮೂರೂವರೆ ಡಾಲರ್, ಪಿನ್ನು ಪುಕ್ಕಟೆ.

ಬಿಲ್ಲೆಯ ಜೊತೆ ಲೋರ್ನಾಗೆ ಕಟ್ಟು ಸಂಬಳವೂ ಬಂತು, ವಾರಕ್ಕೆ ಇಂತಿಷ್ಟು ಎಂದು. ಬಿಲ್ಲೆ ಎದೆಯ ಮೇಲೆ ಹೊಳೆಯಿತು. ಅವಳ ತಾಯಿ ಇಗರ್ಜಿಯಲ್ಲಿ ನಾಲ್ಕು ಬೆಂಚು ದೂರದವರಿಗೂ ಕೇಳುವಂತೆ ಹೇಳಿಕೊಂಡಳು. ಹೊಳಪಿನ ಹಿಂದೆ ಇದ್ದದ್ದು ಆರ್ಲಿನ್‌ಗೆ ಮಾತ್ರ ಗೊತ್ತು. ಈ ದೇಶದಲ್ಲಿ ವಾರಕ್ಕೆ ನಲವತ್ತು ಗಂಟೆ ದಾಟಿ ದುಡಿದರೆ ದಾಟಿದ ಗಂಟೆಗೆ ಒಂದೂವರೆ ಪಟ್ಟು ಕೊಡಬೇಕು, ಕಟ್ಟು ಸಂಬಳದ ಅಧಿಕಾರಿಗಳಿಗೆ ಮಾತ್ರ ವಿನಾಯಿತಿ. ವಿನಾಯಿತಿ ಎಂದರೆ ಏನೋ ಲಾಭ ಎಂದು ಲೋರ್ನಾ ತಿಳಿದಿದ್ದಳು. ಲಾಭವೇ ಹೌದು, ಯಾರಿಗೆ ಎಂದು ಅವಳು ಕೇಳಲಿಲ್ಲ. ಮುಂದಿನ ಹತ್ತು ವರ್ಷ ವಾರಕ್ಕೆ ಅರವತ್ತು ಗಂಟೆ, ಕೆಲವು ವಾರ ಎಪ್ಪತ್ತು, ಅದೇ ಆರುನೂರ ನಲವತ್ತು ಡಾಲರ್‌ಗೆ. ಗಂಟೆ ಲೆಕ್ಕದ ಇಬ್ಬರು ಅರೆಕಾಲಿಕರು ಐದಕ್ಕೆ ಮನೆಗೆ ಹೋಗುತ್ತಿದ್ದರು. ಉಳಿದ ಕೆಲಸ ಮ್ಯಾನೇಜರಿಗೆ.

ಅದರಿಂದ ಅವಳಿಗೆ ಆದ ನಷ್ಟದಲ್ಲಿ ದುಡ್ಡು ಎರಡನೆಯದು. ಮೊದಲನೆಯದು ಒಂದು ಓಕ್ ಮರ.

ನವೆಂಬರ್ ಕೊನೆಯ ಹೊತ್ತಿಗೆ ಒಂಬತ್ತು ದಿನ, ಒಂದು ಶನಿವಾರದಿಂದ ಮುಂದಿನ ವಾರದ ಭಾನುವಾರದ ತನಕ, ನಮ್ಮ ಕಡೆ ಬಂದೂಕಿನ ಜಿಂಕೆ ಬೇಟೆ. ಶಾಲೆ ಅರ್ಧ ಖಾಲಿ, ಗ್ಯಾರೇಜು ಪೂರ್ತಿ ಖಾಲಿ. ಹಲ್ಲುನೋವು ಬಂದರೂ ಡಾಕ್ಟರು ಸಿಗುವುದಿಲ್ಲ, ಮರದ ಮೇಲಿರುತ್ತಾರೆ. ಕುಬಿಯಾಕ್ ಮನೆತನಕ್ಕೆ ಕಾಡಿನಲ್ಲಿ ಒಂದು ಬೇಟೆ ಬಿಡಾರ ಇದೆ. ತಗಡಿನ ಮಾಡು, ಕಟ್ಟಿಗೆ ಒಲೆ, ಏಳು ಮಂಚ. ಒಬ್ಬೊಬ್ಬರಿಗೂ ಒಂದೊಂದು ಮರ, ಮರದ ಮೇಲೆ ಅಟ್ಟಣೆ. ಲೋರ್ನಾಳದು ತೊರೆಯ ಪಕ್ಕದ ಓಕ್. ಅಟ್ಟಣೆ ಕಟ್ಟಿದವನು ಅವಳ ಅಪ್ಪ. ಸಾಯುವ ಮುಂಚೆ ಮೂವರು ಗಂಡುಮಕ್ಕಳನ್ನು ಬಿಟ್ಟು ಅದನ್ನು ಅವಳಿಗೆ ಕೊಟ್ಟಿದ್ದ, ಏಕೆಂದರೆ ಆ ಮನೆಯಲ್ಲಿ ನೆಟ್ಟಗೆ ಗುಂಡು ಹೊಡೆಯುವವಳು ಅವಳೊಬ್ಬಳೇ.

ಬಿಡಾರಕ್ಕೂ ಒಂದು ಕಾನೂನು ಇತ್ತು. ಅಜ್ಜ ಬಡಗಿಯ ಪೆನ್ಸಿಲ್ಲಿನಲ್ಲಿ ಹಲಗೆಯ ಮೇಲೆ ಬರೆದು ಒಲೆಯ ಪಕ್ಕ ಮೊಳೆ ಹೊಡೆದದ್ದು. ಎರಡು ಶನಿವಾರವೂ ಬೆಳಕು ಹರಿಯುವಾಗ ಮರದ ಮೇಲೆ ಇದ್ದವರಿಗೆ ಮಾತ್ರ ಆ ವರ್ಷ ಲೆಕ್ಕ. ಹತ್ತು ವರ್ಷ ತಪ್ಪಿದರೆ ಕ್ಷಮೆ. ಹನ್ನೊಂದನೆಯದೂ ತಪ್ಪಿದರೆ ಮರ ಸರತಿಯಲ್ಲಿರುವವನಿಗೆ. ಕೊರಿಯಾ ಯುದ್ಧಕ್ಕೆ ಹೋದವನೂ ಹತ್ತು ವರ್ಷದೊಳಗೆ ತಿರುಗಿ ಬಂದಿದ್ದ, ಹಾಗಾಗಿ ಹಲಗೆಯನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಬೇಟೆಯ ವಾರವೇ ಆರ್ಲಿನ್‌ಗೆ ವರ್ಷದ ಸುಗ್ಗಿ. ಅಂಗಡಿಯಲ್ಲಿ ನಿಂತು ಇಡೀ ಜಿಲ್ಲೆಗೆ ಬೇಟೆ ಪರವಾನಗಿ ಬರೆದುಕೊಟ್ಟ ಲೋರ್ನಾ ತಾನು ಮಾತ್ರ ಹತ್ತು ವರ್ಷ ಮರ ಹತ್ತಿರಲಿಲ್ಲ.

ಸರತಿಯಲ್ಲಿ ಇದ್ದವನು ತಂಗಿಯ ಗಂಡ ಟೆರೆನ್ಸ್. ವಿಮೆ ಕಂಪನಿಯವನು, ಸಣ್ಣ ಅಕ್ಷರಗಳನ್ನು ಆಸೆಯಿಂದ ಓದುವ ಪೈಕಿ. ಅದೂ ಸಹಿಸಬಹುದಿತ್ತು. ಆದರೆ ಅವನು ಪಕ್ಕದ ರಾಜ್ಯ ಇಲಿನಾಯ್ಸ್‌ನವನು, ಅವರಿಗೂ ನಮಗೂ ಎಂದೂ ಆಗಿಬಂದದ್ದಿಲ್ಲ. ಕುಬಿಯಾಕ್‌ಗಳ ಮರದ ಮೇಲೆ ಇಲಿನಾಯ್ಸ್‌ನ ಕುಂಡಿ ಕೂರುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಹನ್ನೊಂದನೆಯ ವರ್ಷ ಬಂತು, ಎರಡು ಸಾವಿರದ ಹದಿನಾರು. ಆ ಬೇಸಿಗೆಯ ಹೊಸ್ತಿಲಲ್ಲಿ ವಾಷಿಂಗ್ಟನ್ ಒಂದು ಹೊಸ ನಿಯಮ ಹೊರಡಿಸಿತು. ವಾರಕ್ಕೆ ಒಂಬೈನೂರ ಹದಿಮೂರು ಡಾಲರ್‌ಗಿಂತ ಕಡಿಮೆ ಸಂಬಳದವರಿಗೆ, ಎದೆಯ ಮೇಲೆ ಯಾವ ಬಿಲ್ಲೆ ಇದ್ದರೂ, ಓವರ್‌ಟೈಮ್ ಕೊಡಬೇಕು. ಡಿಸೆಂಬರ್ ಒಂದರಿಂದ ಜಾರಿ.

ಆರ್ಲಿನ್ ಹಿಮ ಎತ್ತುವ ಸಲಿಕೆಯನ್ನು ಜುಲೈನಲ್ಲಿ ಕೊಳ್ಳುವ ಮನುಷ್ಯ. ಸಂಬಳ ಏರಿಸುವ ಮಾತು ಅವನ ತಲೆಗೆ ಬರಲೇ ಇಲ್ಲ. ಲೋರ್ನಾಳನ್ನು ಗಂಟೆ ಲೆಕ್ಕಕ್ಕೆ ಇಳಿಸಿ ನಲವತ್ತಕ್ಕೆ ಮುಗಿಸುವುದೆಂದು ತೀರ್ಮಾನಿಸಿ ಪಂಚಿಂಗ್ ಗಡಿಯಾರ ಕೇಳಿಕೊಂಡು ಬಂದ. ನವೆಂಬರ್ ಹದಿನೈದರೊಳಗೆ ಕೊಂಡರೆ ಹತ್ತು ಪರ್ಸೆಂಟ್ ಕಡಿತ ಎಂದು ನಾನು ಹೇಳಿದೆ. ಕೊಂಡ. ಕೊಂಡ ಸಾಮಾನನ್ನು ಸುಮ್ಮನೆ ಗೋಡೆಗೆ ನೇತುಹಾಕಿ ನೋಡುವುದು ಅವನ ಜಾಯಮಾನವಲ್ಲ. ನವೆಂಬರ್ ಹದಿನಾಲ್ಕರ ಸೋಮವಾರ, ಕಾನೂನಿಗಿಂತ ಹದಿನೇಳು ದಿನ ಮುಂಚೆ, ಬೇಟೆಯ ವಾರದ ಬಾಗಿಲಲ್ಲೇ, ಗಂಟೆಗೆ ಹದಿನಾರು ಡಾಲರ್ ಎಂದು ಕಾಗದ ಬರೆದು ಸಹಿ ಹಾಕಿ ಲೋರ್ನಾಳ ಕೈಗೆ ಕಾರ್ಡು ಕೊಟ್ಟ.

ಲೋರ್ನಾಗೆ ಖುಷಿಯಾಗಲಿಲ್ಲ, ಅವಮಾನವಾಯಿತು. ಹದಿನಾರನೆಯ ವಯಸ್ಸಿನಲ್ಲಿ ಬೆಣ್ಣೆ ಕಾರ್ಖಾನೆಯಲ್ಲಿ ಕಾರ್ಡು ಒತ್ತಿದ್ದವಳು ಈಗ ಮತ್ತೆ ಕಾರ್ಡು ಒತ್ತಬೇಕು, ಎದೆಯ ಮೇಲೆ ಮ್ಯಾನೇಜರ್ ಬಿಲ್ಲೆ ಇಟ್ಟುಕೊಂಡು. ಯಾರಾದರೂ ಗಿರಾಕಿ ನೋಡಿಯಾರು ಎಂದು ಮೊದಲ ದಿನ ಸುತ್ತ ಕಣ್ಣಾಡಿಸಿ ಕದ್ದವಳಂತೆ ಒತ್ತಿದಳು.

"ಇದೇನು ಆರ್ಲಿನ್, ನಾನೇನು ಓಡಿ ಹೋಗ್ತೀನಾ?"

"ಸರ್ಕಾರದ್ದು ಕಣೆ, ನಂದಲ್ಲ."

"ಸರ್ಕಾರ ಡಿಸೆಂಬರ್ ಅಂದಿದೆ."

"ರೂಢಿ ಆಗ್ಲಿ ಅಂತ."

ರೂಢಿ ಬೇಗ ಆಯಿತು. ಬೇಟೆಗೆ ಮುಂಚಿನ ವಾರದಿಂದಲೇ ಅಂಗಡಿ ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ. ಸೋಮವಾರ ಹನ್ನೆರಡು ಗಂಟೆ, ಮಂಗಳವಾರ ಹನ್ನೊಂದು, ಬುಧವಾರ ಹನ್ನೆರಡು. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಬಾಗಿಲ ತನಕ ಗಿರಾಕಿಗಳ ಸಾಲು ಇರುವಾಗಲೇ, ಕಾರ್ಡು ನಲವತ್ತು ತೋರಿಸಿತು. ಆರ್ಲಿನ್ ಊರಿನ ಲೆಕ್ಕಪತ್ರ ನೋಡುವ ಪೆಗ್ ಲಿಂಡ್‌ಸ್ಟ್ರಾಮ್‌ಗೆ ಫೋನು ಮಾಡಿದ. ನಿಯಮ ಇನ್ನೂ ಜಾರಿಯಾಗಿಲ್ಲ ತಾನೇ, ಇದು ಬರೀ ತಾಲೀಮು ತಾನೇ ಎಂದು ಕೇಳಿದ. ಕಾಗದ ಬರೆದು ಸಹಿ ಹಾಕಿದವರು ಯಾರು ಎಂದು ಪೆಗ್ ಕೇಳಿದಳು. ಗಂಟೆ ಲೆಕ್ಕ ಎಂದ ಮೇಲೆ ಇವತ್ತಿಗೂ ಗಂಟೆ ಲೆಕ್ಕವೇ, ಹತ್ತು ಗಂಟೆ ಒಂದು ನಿಮಿಷದಿಂದ ಒಂದೂವರೆ ಪಟ್ಟು ಎಂದಳು.

'ಒಂದೂವರೆ ಪಟ್ಟು' ಎಂಬ ಮಾತು ಆರ್ಲಿನ್‌ನ ಗಂಟಲಿನಿಂದ ಹೊರಡುವುದಿಲ್ಲ, ಮೀನಿನ ಮುಳ್ಳು ಸಿಕ್ಕಿದ ಹಾಗೆ ಆಗುತ್ತದೆ. ಫೋನು ಇಟ್ಟು, ಕ್ಯಾಷಿನ ಮುಂದೆ ನಿಂತಿದ್ದ ಲೋರ್ನಾಳ ಕೈಯಿಂದ ಪರವಾನಗಿ ಕಾಗದ ಕಿತ್ತುಕೊಂಡ.

"ಮನೆಗೆ ಹೋಗು."

"ಇಷ್ಟು ಜನ ಇದ್ದಾರಲ್ಲ?"

"ಹೋಗೇ ಮಾರಾಯ್ತಿ, ನಿಂತ್ಕೊಂಡ್ರೆ ದುಡ್ಡು."

ಹತ್ತು ವರ್ಷದಲ್ಲಿ ಮೊದಲ ಸಲ ಲೋರ್ನಾ ಹಗಲು ಹೊತ್ತಿನಲ್ಲಿ ಮನೆಗೆ ಹೋದಳು. ಎಷ್ಟು ಹೊಸದೆಂದರೆ ಬಾಗಿಲ ಬೀಗದ ಕೈ ಬ್ಯಾಗಿನ ಯಾವ ಮೂಲೆಯಲ್ಲಿದೆ ಎಂದು ಹುಡುಕಬೇಕಾಯಿತು. ಬಂದೂಕು ಒರೆಸಿದಳು. ಆಲೂಗಡ್ಡೆ, ಖೀಮಾ ಹಾಕಿ ದೊಡ್ಡ ತಟ್ಟೆಯಲ್ಲಿ ಬೇಯಿಸಿಕೊಂಡು ಶುಕ್ರವಾರ ಬಿಡಾರ ತಲುಪಿದಳು.

ಬಿಡಾರದ ಯಜಮಾನ ಚಿಕ್ಕಪ್ಪ ಫ್ಲೋರಿಯನ್, ಎಪ್ಪತ್ತೆಂಟು ವರ್ಷದವನು, ಬಾಗಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಯಾರಮ್ಮ ನೀನು? ನಮ್ಮ ಲೋರ್ನಾ ಥರಾನೇ ಇದ್ದೀಯ. ಅವಳು ಮ್ಯಾನೇಜರ್ ಆಗಿ ಸತ್ತುಹೋದಳು ಪಾಪ."

ಟೆರೆನ್ಸ್ ಆಗಲೇ ಬಂದಿದ್ದ. ಬೇಟೆಗಾರರು ಒಬ್ಬರಿಗೊಬ್ಬರು ದೂರದಿಂದಲೇ ಕಾಣಲೆಂದು ತೊಡುವ ಕಿತ್ತಳೆ ಬಣ್ಣದ ಜೊತೆ ಗುಲಾಬಿಯನ್ನೂ ಸರ್ಕಾರ ಒಪ್ಪಿದ ವರ್ಷ ಅದು. ಆರ್ಲಿನ್ ತರಿಸಿದ ಗುಲಾಬಿ ಕೋಟುಗಳಲ್ಲಿ ಖರ್ಚಾದದ್ದು ಒಂದೇ, ಅದು ಟೆರೆನ್ಸ್‌ನ ಮೈಮೇಲಿತ್ತು. ಅವನು ಹಲಗೆಯ ಮುಂದೆ ನಿಂತು ಕನ್ನಡಕ ಏರಿಸಿ ಓದಿ, ಬಹಳ ವಿನಯದಿಂದ ಹೇಳಿದ: "ಎರಡು ಶನಿವಾರ ಅಂತ ಇದೆ ಅಲ್ವಾ ಅಕ್ಕ? ನಾಳೆ ಒಂದು. ಮುಂದಿನದು?"

ಶನಿವಾರ ಬೆಳಕು ಹರಿಯುವಾಗ ಲೋರ್ನಾ ಅಪ್ಪನ ಅಟ್ಟಣೆಯ ಮೇಲಿದ್ದಳು. ಎಂಟು ಗಂಟೆಗೆ ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯೊಂದು ತೊರೆ ದಾಟಿ ಬಂದು ಅಡ್ಡ ನಿಂತಿತು, ಬೆಲೆ ಕೇಳಲು ಬಂದ ಗಿರಾಕಿಯಂತೆ ಸಾವಕಾಶವಾಗಿ. ಲೋರ್ನಾ ಹೊಡೆದಳು. ತಪ್ಪಿತು. ಹತ್ತು ವರ್ಷದ ತುಕ್ಕು ಬಂದೂಕಿನಲ್ಲಿ ಇರಲಿಲ್ಲ, ಕೈಯಲ್ಲಿತ್ತು.

ಗುರಿ ತಪ್ಪಿದವರ ಅಂಗಿಯ ಹಿಂಬದಿ ಚುಂಗನ್ನು ಕತ್ತರಿಸಿ ಗೋಡೆಗೆ ಹೊಡೆಯುವುದು ಬಿಡಾರದ ಪದ್ಧತಿ. ಚಿಕ್ಕಪ್ಪ ಕತ್ತರಿ ತಂದಾಗ ಅವಳ ಕೋಟಿನ ಕೆಳಗೆ ಇದ್ದದ್ದು ಅಂಗಡಿಯ ಹಸಿರು ಅಂಗಿ, ಅವಳ ಹತ್ತಿರ ಬೇರೆ ಬೆಚ್ಚನೆಯದು ಇರಲಿಲ್ಲ. ಬಿಲ್ಲೆಯೂ ಅದರ ಮೇಲೆಯೇ. ಚಿಕ್ಕಪ್ಪ ಬಿಲ್ಲೆ ಓದಿ, "ಮ್ಯಾನೇಜರ್ ಅಮ್ಮಾವ್ರೇ, ಸ್ವಲ್ಪ ತಿರುಗಿ" ಎಂದು ಕತ್ತರಿ ಆಡಿಸಿದ. ಉಳಿದ ಆರು ಜನ ನಕ್ಕದ್ದಕ್ಕೆ ಒಲೆಯ ಮೇಲಿನ ಕಾಫಿ ಪಾತ್ರೆ ಅಲುಗಿತು. ಲೋರ್ನಾಳೂ ನಕ್ಕಳು. ಹೀಗೆ ತನ್ನನ್ನು ಯಾರಾದರೂ ಗೇಲಿ ಮಾಡಿ ಎಷ್ಟು ಕಾಲವಾಯಿತು ಎಂದು ಆಗ ಅವಳಿಗೆ ಹೊಳೆಯಿತು. ಅಂಗಡಿಯಲ್ಲಿ ಬಿಲ್ಲೆಯನ್ನು ಗೇಲಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ, ಅವಳಿಗೂ.

ಸೋಮವಾರ ಅದೇ ಚುಂಗಿಲ್ಲದ ಅಂಗಿಯಲ್ಲಿ ಕೆಲಸಕ್ಕೆ ಬಂದಳು. ಆರ್ಲಿನ್ ಪಾಠ ಕಲಿತಿದ್ದ. ಎರಡನೆಯ ಶನಿವಾರಕ್ಕೆಂದು ಗಂಟೆ ಉಳಿಸುತ್ತ, ಸೋಮವಾರ ಎಂಟು, ಮಂಗಳವಾರ ಎಂಟು, ಹನಿ ಹನಿ ಕೊಟ್ಟ. ಶನಿವಾರ ಬೆಳಿಗ್ಗೆ ಐದಕ್ಕೇ ಬಾ ಎಂದು ಹೇಳಿಯೂ ಇಟ್ಟ. ಲೋರ್ನಾಳ ಓಕ್ ಮರ ಅರ್ಧ ಕೈಗೆ ಬಂದು ಅಲ್ಲೇ ನಿಂತಿತು.

ಮಂಗಳವಾರ ಸಂಜೆ ಟೆಕ್ಸಾಸ್‌ನ ನ್ಯಾಯಾಧೀಶರೊಬ್ಬರು ಹೊಸ ನಿಯಮಕ್ಕೆ ತಡೆಯಾಜ್ಞೆ ಕೊಟ್ಟರು. ಬುಧವಾರ ಬೆಳಿಗ್ಗೆ ಆರ್ಲಿನ್ ಕಿತ್ತಳೆ ಟೋಪಿಯೊಂದನ್ನು ತಂದು ಪಂಚಿಂಗ್ ಗಡಿಯಾರದ ಮುಖಕ್ಕೆ ಮುಸುಕು ಹಾಕಿದ.

"ನೀನು ಮತ್ತೆ ಮ್ಯಾನೇಜರ್, ಲೋರ್ನಾ. ಮ್ಯಾನೇಜರ್ ಆದವರು ಗಡಿಯಾರ ನೋಡಬಾರದು."

ಆ ಸಂಭ್ರಮಕ್ಕೆ ಎರಡು ಲಾರಿ ಮಾಲು ಇಳಿಸುವ ಕೆಲಸ ಕೊಟ್ಟ, ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರ ತನಕ. ಲೋರ್ನಾ ಮಾಡಿದಳು. ಆದರೆ ಒಂದೂವರೆ ವಾರದಲ್ಲಿ ಕೈಗೆ ರೂಢಿ ಹತ್ತಿತ್ತು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಟೋಪಿ ಎತ್ತಿ ಕಾರ್ಡು ಒತ್ತಿದಳು. ರೂಢಿ ಆಗಲಿ ಎಂದವನು ಅವನೇ ತಾನೇ.

ಗುರುವಾರ ಥ್ಯಾಂಕ್ಸ್‌ಗಿವಿಂಗ್, ರಜೆ. ಶುಕ್ರವಾರ ಬೆಳಿಗ್ಗೆ ಆರ್ಲಿನ್ ಸಂತೋಷವನ್ನು ಹಂಚಿಕೊಳ್ಳಲು ಪೆಗ್‌ಗೆ ಫೋನು ಮಾಡಿದ. ಪೆಗ್ ಅವನ ಸಂತೋಷವನ್ನು ಪೂರ್ತಿ ಕೇಳಿಸಿಕೊಂಡು, ನ್ಯಾಯಾಧೀಶರು ತಡೆದದ್ದು ಹೊಸ ಮೊತ್ತವನ್ನು, ಹಳೆಯ ನಿಯಮ ಹಾಗೇ ಇದೆ ಎಂದಳು. ಕಟ್ಟು ಸಂಬಳ ಕೊಟ್ಟರೆ ಸಾಲದು, ಬಿಲ್ಲೆ ಕೊಟ್ಟರೂ ಸಾಲದು. ಆಳು ನಿಜವಾಗಿ ಆಡಳಿತದ ಕೆಲಸ ಮಾಡುತ್ತಿರಬೇಕು, ಅದೇ ಅವಳ ಮುಖ್ಯ ಕೆಲಸವಾಗಿರಬೇಕು. ಎರಡು ವಾರದಿಂದ ಏನೇನು ಮಾಡಿದ್ದಾಳೆ ಅಂತ ಅವಳ ಕೈಯಲ್ಲೇ ಬರೆಸು, ಸಂಜೆ ಹಕ್ಕಿಕಾಳು ಕೊಳ್ಳಲು ಬಂದಾಗ ನೋಡುತ್ತೇನೆ ಎಂದಳು.

ಆರ್ಲಿನ್‌ಗೆ ಇದರಲ್ಲಿ ಅನುಮಾನವೇ ಇರಲಿಲ್ಲ. "ನೀನಿಲ್ದೆ ಈ ಅಂಗಡಿ ಒಂದು ದಿನ ನಡೆಯಲ್ಲ. ಅಂದ್ಮೇಲೆ ನೀನು ಮ್ಯಾನೇಜರೇ ತಾನೆ? ಬರಿ, ಧಾರಾಳವಾಗಿ ಬರಿ" ಎಂದು ಕಾಗದ ಕೊಟ್ಟ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಲೋರ್ನಾ ಹಿಂದಿನ ಕೋಣೆಯಲ್ಲಿ ಉಪ್ಪಿನ ಮೂಟೆಯ ಮೇಲೆ ಕೂತಳು. ಹಬ್ಬದ ಕೋಳಿಯ ಉಳಿಕೆ ಹಾಕಿದ ಸ್ಯಾಂಡ್‌ವಿಚ್ ಒಂದು ಕೈಯಲ್ಲಿ, ಪೆನ್ನು ಇನ್ನೊಂದರಲ್ಲಿ. ಅವಳಿಗೆ ಗೊತ್ತಿತ್ತು. 'ನೋಡಿಕೊಂಡೆ', 'ಮೇಲ್ವಿಚಾರಣೆ ಮಾಡಿದೆ' ಎಂದು ನಾಲ್ಕು ಸಲ ಬರೆದರೆ ಬಿಲ್ಲೆ ಉಳಿಯುತ್ತದೆ, ನಾಳೆ ಬೆಳಿಗ್ಗೆ ಅಂಗಡಿ, ಓಕ್ ಮರ ಗುಲಾಬಿ ಕೋಟಿಗೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮರ ಉಳಿಯುತ್ತದೆ, ಹತ್ತು ವರ್ಷದಿಂದ ಊರಿಗೆಲ್ಲ ಮ್ಯಾನೇಜರ್ ಆಗಿದ್ದವಳು ಮ್ಯಾನೇಜರ್ ಅಲ್ಲ ಎಂದು ತನ್ನ ಕೈಬರಹದಲ್ಲೇ ಆಗುತ್ತದೆ. ಅರ್ಧ ಸ್ಯಾಂಡ್‌ವಿಚ್ ಮುಗಿಯುವ ತನಕ ಕಾಗದ ಬಿಳಿಯಾಗಿಯೇ ಇತ್ತು. ಅಮ್ಮ ಇಗರ್ಜಿಯಲ್ಲಿ ಹೇಳಿಕೊಂಡದ್ದು ನೆನಪಾಯಿತು. ಆಡಳಿತ ಎನ್ನಬಹುದಾದ ಒಂದು ಕೆಲಸವನ್ನಾದರೂ ಮಾಡಿದ್ದೇನಾ ಎಂದು ಪ್ರಾಮಾಣಿಕವಾಗಿ ಹುಡುಕಿದಳು, ಕಳೆದುಹೋದ ಕಿವಿಯೋಲೆ ಹುಡುಕಿದಂತೆ. ಸಿಗಲಿಲ್ಲ. ಆಮೇಲೆ ಬರೆದಳು.

ಸಂಜೆ ಐದಕ್ಕೆ ಪೆಗ್ ಬಂದು ಹಕ್ಕಿಕಾಳಿನ ಮೂಟೆಗೆ ಒರಗಿ ಅದನ್ನು ಗಟ್ಟಿಯಾಗಿ ಓದಿದಳು. ಪರವಾನಗಿ ಬರೆದದ್ದು, ಮುನ್ನೂರ ಹನ್ನೆರಡು. ಮೂಟೆ ಹೊತ್ತದ್ದು, ಎಣಿಸಿಲ್ಲ. ಗಾಳಕ್ಕೆ ಹಾಕುವ ಮರಿಮೀನಿನ ತೊಟ್ಟಿ ತೊಳೆದದ್ದು, ಆರು ಸಲ. ಕಕ್ಕಸು, ದಿನಾ. ಗುಲಾಬಿ ಕೋಟುಗಳನ್ನು ಮುಂದಕ್ಕೆ ತಂದದ್ದು. ಗುಲಾಬಿ ಕೋಟುಗಳನ್ನು ಹಿಂದಕ್ಕೆ ಒಯ್ದದ್ದು. ಎರಡು ಲಾರಿ. ಕೆಲಸಕ್ಕೆ ಆಳು ನೇಮಿಸಿದ್ದು, ಇಲ್ಲ. ತೆಗೆದದ್ದು, ಇಲ್ಲ. ಅರೆಕಾಲಿಕರಿಗೆ ಪಾಳಿ ಹಾಕಿದ್ದು, ಆರ್ಲಿನ್. ಮಾಲಿನ ಬೆಲೆ ಕಟ್ಟಿದ್ದು, ಆರ್ಲಿನ್. ಆರ್ಲಿನ್‌ನ ಕನ್ನಡಕ ಹುಡುಕಿಕೊಟ್ಟದ್ದು, ಒಂಬತ್ತು ಸಲ. ಇವತ್ತು ಡಾಕ್ಟರ ಹತ್ತಿರ ಹೋಗಬೇಕು ಅಂತ ಆರ್ಲಿನ್‌ಗೆ ನೆನಪಿಸಿದ್ದು. ಹೋಗುವ ಹಾಗೆ ಮಾಡಿದ್ದು.

ಪೆಗ್ ಕಾಗದ ಮಡಚಿದಳು. "ನೋಡು ಆರ್ಲಿನ್, ಇದರಲ್ಲಿ ಇವಳು ಮ್ಯಾನೇಜ್ ಮಾಡಿರೋದು ಒಬ್ಬನನ್ನೇ, ನಿನ್ನನ್ನ. ಕಾನೂನಿಗೆ ಕನಿಷ್ಠ ಇಬ್ಬರು ಬೇಕು."

ಆರ್ಲಿನ್ ಹಾಗಿದ್ದರೆ ಗಂಟೆ ಲೆಕ್ಕವೇ ಇರಲಿ, ನಾಳೆಗೆ ಗಂಟೆ ಉಳಿಸಿದ್ದೇನೆ ಎಂದ. ಪೆಗ್ ಹೋಗಿ ಗಡಿಯಾರದ ಮೇಲಿನ ಟೋಪಿ ತೆಗೆದು ಕಾರ್ಡು ನೋಡಿದಳು. ಎಂಟು, ಎಂಟು, ಲಾರಿಯ ದಿನ ಹದಿನಾರು, ಇವತ್ತು ಎಂಟು. ಕೂಡಿದರೆ ಸರಿಯಾಗಿ ನಲವತ್ತು. ನಾಳೆ ಬೇಕಾದರೆ ಕರೆಸಬಹುದು, ಆದರೆ ಮೊದಲ ನಿಮಿಷದಿಂದಲೇ ಎಂದು ಹೇಳಿ, ಗಂಟಲಿನಿಂದ ಹೊರಡದ ಆ ಮಾತನ್ನು ಅವನ ಪರವಾಗಿ ತಾನೇ ಆಡಿದಳು. ಕಳೆದ ವರ್ಷಗಳ ಬಾಕಿಯನ್ನೂ ಲೋರ್ನಾ ಕೇಳಬಹುದು ಎಂದು ಮೆಲ್ಲಗೆ ಸೇರಿಸಿದಳು. ಲೋರ್ನಾ ಬೇಟೆ ಮುಗಿದ ಮೇಲೆ ಯೋಚಿಸುತ್ತೇನೆ ಎಂದಳು. ಆವತ್ತಿನಿಂದ ಆರ್ಲಿನ್ ದಿನಾ ಬೆಳಿಗ್ಗೆ ಅವಳಿಗೆ ತಾನೇ ಕಾಫಿ ತಂದುಕೊಡುತ್ತಾನೆ. ಅವಳು ಇನ್ನೂ ಯೋಚಿಸುತ್ತಲೇ ಇದ್ದಾಳೆ.

ಆದರೆ ಆ ಸಂಜೆ ಅವನು ಬಿಲ್ಲೆಯತ್ತ ಬೆರಳು ತೋರಿಸಿ ಕೇಳಿದ: "ಬಿಲ್ಲೆ ವಾಪಸ್ ಕೊಡ್ತೀಯಾ ಹಾಗಾದ್ರೆ?"

"ಇಲ್ಲ. ಅದಕ್ಕೆ ನಾನು ದುಡ್ಡು ಕೊಟ್ಟಿದ್ದೀನಿ."

"ಯಾವಾಗ?"

"ವಾರಕ್ಕೆ ಇಪ್ಪತ್ತು ಗಂಟೆ, ಹತ್ತು ವರ್ಷ."

ಎರಡನೆಯ ಶನಿವಾರ ಬೆಳಕು ಹರಿಯುವಾಗ ಲೋರ್ನಾ ಓಕ್ ಮರದ ಮೇಲಿದ್ದಳು. ಆ ದಿನ ಜಿಂಕೆ ಬರಲಿಲ್ಲ. ಬಂದದ್ದು ಒಂದು ಅಳಿಲು ಮತ್ತು ಮರದ ಬುಡಕ್ಕೆ, ಅವಳು ನಿಜವಾಗಿಯೂ ಮೇಲಿದ್ದಾಳೆಯೇ ಎಂದು ಖಚಿತಪಡಿಸಿಕೊಳ್ಳಲು, ದೂರದಿಂದಲೇ ಕಾಣುವ ಟೆರೆನ್ಸ್. ಅವಳು ಮೇಲಿನಿಂದ ಕೈ ಬೀಸಿದಳು. ಅವನು ಸಭ್ಯನೇ, ಟೋಪಿ ತೆಗೆದ.

ಮಧ್ಯಾಹ್ನ ಬಿಡಾರದಲ್ಲಿ ಅವಳು ಅಂಗಿಯಿಂದ ಬಿಲ್ಲೆ ಬಿಚ್ಚಿ, ಗೋಡೆಯ ಮೇಲಿದ್ದ ತನ್ನ ಹಸಿರು ಚುಂಗಿಗೆ ಚುಚ್ಚಿದಳು. ಚಿಕ್ಕಪ್ಪ ಫ್ಲೋರಿಯನ್ ಹತ್ತಿರ ಹೋಗಿ ನೋಡಿದ. "ಚುಂಗು, ಬಿಲ್ಲೆ, ಎರಡೂ ಗುರಿ ತಪ್ಪಿದ್ದಕ್ಕೇನಾ ಮಗಳೇ?" ಎಂದ. "ಒಂದು ತಪ್ಪಿದ್ದು ತಿಳಿಯೋಕೆ ಹತ್ತು ವರ್ಷ ಹಿಡೀತು ಚಿಕ್ಕಪ್ಪ" ಎಂದಳು ಲೋರ್ನಾ, ಊಟಕ್ಕೆ ತಟ್ಟೆ ಹಾಕುತ್ತ.

ಈ ಕತೆ ನನಗೆ ತಲುಪಿದ್ದು ಪೆಗ್‌ಳಿಂದ. ಕೇಳಿ ನಕ್ಕೆ, ನಗುತ್ತಲೇ ನನ್ನ ಅಂಗಡಿಯ ಒಳಗೆ ನೋಡಿದೆ. ಕೆತ್ತನೆ ಯಂತ್ರದ ಧೂಳು ಗುಡಿಸುತ್ತಿದ್ದವಳು ಜೋಯ್ಸ್, ಎದೆಯ ಮೇಲೆ 'ಆಫೀಸ್ ಮ್ಯಾನೇಜರ್' ಬಿಲ್ಲೆ. ಕೆತ್ತಿದವನು ನಾನೇ, ಅದಕ್ಕೆ ಮೂರೂವರೆ ಡಾಲರೂ ಖರ್ಚಾಗಿರಲಿಲ್ಲ. ಮಾರನೆಯ ದಿನ ಅವಳ ಕೈಗೂ ಒಂದು ಖಾಲಿ ಕಾಗದ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಬರಿ ಎಂದೆ. ಬರೆದದ್ದನ್ನು ಇಲ್ಲಿ ಹೇಳುವುದಿಲ್ಲ.

ಜೋಯ್ಸ್ ಈಗ ಐದೂವರೆಗೆ ಮನೆಗೆ ಹೋಗುತ್ತಾಳೆ. ಅದಕ್ಕೆ ನಾನು ಲೋರ್ನಾ ಕುಬಿಯಾಕ್‌ಳಿಗೆ ಋಣಿ.